ಕೊಬ್ಬಿನಾಮ್ಲಗಳು ಬೀಟಾ ಕೋಶಗಳಿಂದ ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುತ್ತವೆಯೋ, ಕುಗ್ಗಿಸುತ್ತವೆಯೋ?

ಪ್ರಶ್ನೆ: ಜೀವರಸ_ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಜೀವರಸಾಯನ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಈ ಸೆಮಿಸ್ಟರಿನ ಸೆಮಿನಾರಿಗೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೆ ಕೊಬ್ಬಿನಾಮ್ಲಗಳ ಪರಿಣಾಮವನ್ನು ಆರಿಸಿಕೊಂಡಿದ್ದೇನೆ. ಓದುತ್ತ ಹೋದಂತೆ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಗಿದೆ.

ನಮ್ಮ ಪಠ್ಯಪುಸ್ತಕದ ಮಧುಮೇಹದ ಅಧ್ಯಾಯದಲ್ಲಿ, ರಕ್ತದಲ್ಲಿ ಮುಕ್ತ ಕೊಬ್ಬಿನಾಮ್ಲಗಳು ಹೆಚ್ಚಾದರೆ ಬೀಟಾ ಕೋಶಗಳು ಸೊರಗುತ್ತವೆ, ಇನ್ಸುಲಿನ್ ಸ್ರವಿಕೆ ಇಳಿಯುತ್ತದೆ ಎಂದು ಬರೆದಿದ್ದಾರೆ. ಇದಕ್ಕೆ ‘ಲಿಪೊಟಾಕ್ಸಿಸಿಟಿ’ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಆದರೆ ಮೂಲ ಸಂಶೋಧನಾ ಪ್ರಬಂಧಗಳನ್ನು ತೆರೆದರೆ, ಪಾಮಿಟಿಕ್ ಆಮ್ಲವನ್ನು ಸೇರಿಸಿದ ಕೆಲವೇ ನಿಮಿಷಗಳಲ್ಲಿ ಕಿರುದ್ವೀಪಗಳು (ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿರುವ ಪುಟ್ಟ ಕೋಶಗುಂಪುಗಳು) ಮೊದಲಿಗಿಂತ ಹೆಚ್ಚು ಇನ್ಸುಲಿನ್ ಬಿಡುಗಡೆ ಮಾಡಿದವು ಎಂಬ ಫಲಿತಾಂಶಗಳು ಸಾಲುಸಾಲಾಗಿ ಸಿಗುತ್ತವೆ. ಕೊಬ್ಬಿನಾಮ್ಲಗಳಿಗೆಂದೇ ಬೀಟಾ ಕೋಶದ ಪೊರೆಯ ಮೇಲೆ ಒಂದು ಗ್ರಾಹಕವಿದೆ, ಅದನ್ನು ಗುರಿಯಾಗಿಸಿ ಮಧುಮೇಹಕ್ಕೆ ಔಷಧವನ್ನೂ ತಯಾರಿಸಲು ಹೊರಟಿದ್ದರು ಎಂದೂ ಓದಿದೆ. ಹಾನಿ ಮಾಡುವ ವಸ್ತುವಿನ ಗ್ರಾಹಕವನ್ನೇ ಪ್ರಚೋದಿಸಿ ರೋಗಕ್ಕೆ ಮದ್ದು ಮಾಡುವುದು ಹೇಗೆ ಎಂಬುದು ನನಗೆ ಹೊಳೆಯುತ್ತಿಲ್ಲ.

ಈ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ವಿವರಿಸಲು ಸಾಧ್ಯವೇ? ಅಥವಾ ಒಂದು ಪಕ್ಷದ ಪ್ರಯೋಗಗಳೇ ದೋಷಪೂರಿತವೇ? ಕಾಣುವ ಪರಿಣಾಮ ಯಾವ ಕೊಬ್ಬಿನಾಮ್ಲ ಎಂಬುದನ್ನು ಅವಲಂಬಿಸಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ: ಕಿರುದ್ವೀಪ

ತಾವು ಓದಿದ ಎರಡೂ ಮಾತುಗಳು ನಿಜ. ಅವು ಒಂದೇ ಪ್ರಶ್ನೆಗೆ ದೊರೆತ ಉತ್ತರಗಳಲ್ಲ, ಅಷ್ಟೇ. ಕೊಬ್ಬಿನಾಮ್ಲ ಎಷ್ಟು ಹೊತ್ತು ಇತ್ತು, ಅದರ ಜೊತೆ ಗ್ಲೂಕೋಸ್ ಎಷ್ಟಿತ್ತು, ಅದು ಯಾವ ಕೊಬ್ಬಿನಾಮ್ಲ ಎಂಬ ಮೂರು ವಿವರಗಳಿಲ್ಲದೆ ‘ಹೆಚ್ಚಿಸುತ್ತದೆ’ ಅಥವಾ ‘ಕುಗ್ಗಿಸುತ್ತದೆ’ ಎನ್ನುವ ವಾಕ್ಯಕ್ಕೆ ಅರ್ಥವೇ ಬರುವುದಿಲ್ಲ. ಪಠ್ಯಪುಸ್ತಕಗಳು ಈ ಮೂರನ್ನೂ ಬಿಟ್ಟು ಬರೆಯುವುದರಿಂದಲೇ ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಗ್ಲೂಕೋಸ್ ಮಾಡುವ ಕೆಲಸವನ್ನು ನೆನಪಿಸಿಕೊಳ್ಳೋಣ. ರಕ್ತದ ಗ್ಲೂಕೋಸ್ ಏರಿದಾಗ ಅದು ಬೀಟಾ ಕೋಶದೊಳಗೆ ಬಂದು, ಗ್ಲೂಕೋಕೈನೇಸ್ ಕಿಣ್ವದ ಮೂಲಕ ದಹನದ ಹಾದಿ ಹಿಡಿಯುತ್ತದೆ. ಇದರಿಂದ ಕೋಶದಲ್ಲಿ, ಶಕ್ತಿ ಖರ್ಚಾದ ಮೇಲೆ ಉಳಿಯುವ ಎಡಿಪಿಗೆ ಹೋಲಿಸಿದರೆ ಶಕ್ತಿಯನ್ನು ಹೊತ್ತ ಅಣುವಾದ ಎಟಿಪಿಯ ಪಾಲು ಹೆಚ್ಚುತ್ತದೆ, ಎಟಿಪಿಗೆ ಸ್ಪಂದಿಸುವ ಪೊಟ್ಯಾಸಿಯಂ ಚಾನಲ್‌ಗಳು ಮುಚ್ಚಿಕೊಳ್ಳುತ್ತವೆ, ಪೊರೆಯ ವಿದ್ಯುತ್ ವಿಭವ ಬದಲಾಗಿ ಕ್ಯಾಲ್ಸಿಯಂ ಚಾನಲ್‌ಗಳು ತೆರೆದುಕೊಳ್ಳುತ್ತವೆ, ಮತ್ತು ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಪುಟ್ಟ ಚೀಲಗಳನ್ನು ಪೊರೆಯೊಡನೆ ಬೆಸೆದು ಬರಿದು ಮಾಡಿಸುತ್ತದೆ. ಸ್ರವಿಕೆಯನ್ನು ಆರಂಭಿಸುವ ಹಾದಿ ಇದು. ಇದಲ್ಲದೆ ಎರಡನೆಯದೊಂದು ಹಾದಿಯೂ ಇದೆ. ಡಯಾಜಾಕ್ಸೈಡ್ ಕೊಟ್ಟು ಆ ಪೊಟ್ಯಾಸಿಯಂ ಚಾನಲ್‌ಗಳನ್ನು ತೆರೆದೇ ಇರಿಸಿ, ಹೊರಗಿನ ಪೊಟ್ಯಾಸಿಯಂ ಹೆಚ್ಚಿಸಿ ಕ್ಯಾಲ್ಸಿಯಂ ಒಳಬರುವಂತೆ ಮಾಡಿದರೂ, ಗ್ಲೂಕೋಸ್ ಇನ್ನಷ್ಟು ಸ್ರವಿಕೆಯನ್ನು ಹೊರಡಿಸಬಲ್ಲದು. ಅಂದರೆ ಅದೇ ಪ್ರಮಾಣದ ಕ್ಯಾಲ್ಸಿಯಂನಿಂದ ಹೆಚ್ಚು ಕೆಲಸ ಪಡೆಯುವ ಒಂದು ವರ್ಧನೆಯ ಹಾದಿ ಕೋಶದಲ್ಲಿದೆ. ಕೊಬ್ಬಿನಾಮ್ಲಗಳ ಪ್ರಭಾವ ಮುಖ್ಯವಾಗಿ ಈ ವರ್ಧನೆಯ ಕಡೆಗೇ ಸೇರುತ್ತದೆ. ಒಲೆ ಹೊತ್ತಿಸುವುದು ಗ್ಲೂಕೋಸ್, ಕೊಬ್ಬಿನಾಮ್ಲ ಊದುಗೊಳವೆ. ಬೆಂಕಿಯಿಲ್ಲದ ಒಲೆಯನ್ನು ಎಷ್ಟು ಊದಿದರೂ ಉರಿ ಬಾರದು. ಗ್ಲೂಕೋಸ್ ಲೀಟರಿಗೆ 3 ಮಿಲಿಮೋಲ್‌ನಷ್ಟು ಕೆಳಮಟ್ಟದಲ್ಲಿದ್ದಾಗ ಕೊಬ್ಬಿನಾಮ್ಲ ಸೇರಿಸಿದರೆ ತಕ್ಷಣಕ್ಕೆ ಹೇಳಿಕೊಳ್ಳುವಂಥ ಸ್ರವಿಕೆ ಕಾಣದಿರುವುದು ಇದರಿಂದಲೇ.

ಈ ವರ್ಧನೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಎರಡು ದಾರಿಗಳನ್ನು ಗುರುತಿಸಿದ್ದಾರೆ. ತಾವು ಹೇಳಿದ ಗ್ರಾಹಕದ ಹೆಸರು ಜಿಪಿಆರ್40. ಎಫ್ಎಫ್ಎಆರ್1 ಎಂದೂ ಕರೆಯುತ್ತಾರೆ. ಮಧ್ಯಮ ಮತ್ತು ಉದ್ದ ಸರಪಳಿಯ ಕೊಬ್ಬಿನಾಮ್ಲಗಳೇ ಇದನ್ನು ಪ್ರಚೋದಿಸುತ್ತವೆ ಎಂಬುದನ್ನು ಜಪಾನಿನ ಟಕೇಡಾ ಸಂಸ್ಥೆಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಗ್ರಾಹಕ ಪ್ರಚೋದನೆಗೊಂಡಾಗ ಫಾಸ್ಫೊಲೈಪೇಸ್ ಸಿ ಕಿಣ್ವ ಪೊರೆಯ ಲಿಪಿಡ್ ಒಂದನ್ನು ಸೀಳುತ್ತದೆ. ಅದರಿಂದ ಹುಟ್ಟಿದ ಒಂದು ತುಣುಕು ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಕ್ಯಾಲ್ಸಿಯಂ ಬಿಡುಗಡೆ ಮಾಡಿಸಿದರೆ, ಇನ್ನೊಂದು ತುಣುಕಾದ ಡೈಅಸೈಲ್‌ಗ್ಲಿಸರಾಲ್ ಪ್ರೋಟೀನ್ ಕೈನೇಸ್‌ಗಳನ್ನು ಎಬ್ಬಿಸುತ್ತದೆ. ಇಲ್ಲಿ ಕೊಬ್ಬಿನಾಮ್ಲ ಕೋಶದೊಳಗೆ ಹೋಗಿ ಉರಿಯಬೇಕಾದ ಅಗತ್ಯವಿಲ್ಲ. ಅದು ಹೊರಗಿನಿಂದ ಬಂದ ಸಂದೇಶದಂತೆ ಕೆಲಸ ಮಾಡುತ್ತದೆ.

ಎರಡನೆಯ ದಾರಿ ಕೋಶದ ಒಳಗಿನದು. ಇದನ್ನು ಬೆಳೆಸಿದವರಲ್ಲಿ ಮಾರ್ಕ್ ಪ್ರೆಂಟ್ಕಿ ಮತ್ತು ಬಾರ್ಬರಾ ಕಾರ್ಕಿ ಪ್ರಮುಖರು. ಗ್ಲೂಕೋಸ್ ಹೇರಳವಾಗಿದ್ದಾಗ ಮೈಟೊಕಾಂಡ್ರಿಯದಿಂದ ಹೊರಬಂದ ಸಿಟ್ರೇಟ್ ಮ್ಯಾಲೊನಿಲ್ ಕೋಎ (ಕೋಎ ಎಂದರೆ ಕೋಎಂಜೈಮ್ ಎ ಎಂಬ ಸಹಾಯಕ ಅಣು) ಆಗಿ ಮಾರ್ಪಡುತ್ತದೆ. ಮ್ಯಾಲೊನಿಲ್ ಕೋಎ ಕೊಬ್ಬಿನಾಮ್ಲಗಳನ್ನು ಮೈಟೊಕಾಂಡ್ರಿಯದೊಳಗೆ ಸಾಗಿಸುವ ಸಿಪಿಟಿ1 ಕಿಣ್ವವನ್ನು ತಡೆಯುತ್ತದೆ. ಉರಿಯಲು ದಾರಿಯಿಲ್ಲದ ಕೊಬ್ಬಿನಾಮ್ಲಗಳು ಕೋಎ ಜೊತೆ ಕೂಡಿಕೊಂಡು ಕೋಶರಸದಲ್ಲೇ ಉಳಿದು, ಟ್ರೈಗ್ಲಿಸರೈಡ್‌ಗಳಾಗಿ ಕಟ್ಟಿಕೊಳ್ಳುತ್ತ, ಮತ್ತೆ ಒಡೆಯುತ್ತ ಇರುತ್ತವೆ. ಈ ಕಟ್ಟುವ ಮತ್ತು ಒಡೆಯುವ ಚಕ್ರದಲ್ಲಿ ಹುಟ್ಟುವ ಮಾನೊಅಸೈಲ್‌ಗ್ಲಿಸರಾಲ್‌ನಂಥ ಅಣುಗಳು, ಇನ್ಸುಲಿನ್ ಚೀಲಗಳನ್ನು ಸ್ರವಿಕೆಗೆ ಸಜ್ಜುಗೊಳಿಸುವ ಪ್ರೋಟೀನುಗಳಿಗೆ ಸಂಕೇತ ಕೊಡುತ್ತವೆ ಎಂಬುದು ಅವರ ವಾದ. ಜಿಪಿಆರ್40 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕೊಬ್ಬಿನಾಮ್ಲದಿಂದಾಗುವ ವರ್ಧನೆ ಸುಮಾರು ಅರ್ಧದಷ್ಟು ಮಾತ್ರ ಕಡಿಮೆಯಾಗುವುದನ್ನು ನೋಡಿದರೆ, ಉಳಿದರ್ಧಕ್ಕೆ ಇಂಥ ಒಳದಾರಿಯೊಂದು ಇರಲೇಬೇಕು ಎನಿಸುತ್ತದೆ.

ಸೆಮಿನಾರಿನಲ್ಲಿ ಒಂದೇ ಒಂದು ಪ್ರಯೋಗವನ್ನು ವಿವರವಾಗಿ ಹೇಳುವ ಅವಕಾಶವಿದ್ದರೆ, ಡೆನಿಸ್ ಮೆಕ್‌ಗ್ಯಾರಿ ಅವರ ತಂಡ 1996ರಲ್ಲಿ ಪ್ರಕಟಿಸಿದ್ದನ್ನು ಹೇಳಿ. 18ರಿಂದ 24 ಗಂಟೆ ಉಪವಾಸವಿರಿಸಿದ ಇಲಿಗಳ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟಾಗ, ಉಂಡ ಇಲಿಗಳಷ್ಟೇ ಚುರುಕಾಗಿ ಅವುಗಳಲ್ಲೂ ಇನ್ಸುಲಿನ್ ಏರಿತು. ಬಳಿಕ, ಮೇದಸ್ಸಿನ ಅಂಗಾಂಶದಿಂದ ಕೊಬ್ಬು ಕರಗಿ ಹೊರಬರುವುದನ್ನು ತಡೆಯುವ ನಿಕೋಟಿನಿಕ್ ಆಮ್ಲವನ್ನು ಮೊದಲೇ ಕೊಟ್ಟು, ರಕ್ತದ ಕೊಬ್ಬಿನಾಮ್ಲವನ್ನು ಕೆಳಗಿಳಿಸಿ ಅದೇ ಪರೀಕ್ಷೆ ನಡೆಸಿದರು. ಉಂಡ ಇಲಿಗಳಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಉಪವಾಸದ ಇಲಿಗಳಲ್ಲಿ ಗ್ಲೂಕೋಸ್‌ಗೆ ಇನ್ಸುಲಿನ್ ಪ್ರತಿಕ್ರಿಯೆ ಬಹುತೇಕ ಇಲ್ಲವಾಯಿತು. ಹೊರಗಿನಿಂದ ಲಿಪಿಡ್ (ಕೊಬ್ಬಿನ) ದ್ರಾವಣ ಮತ್ತು ಅದರಿಂದ ಕೊಬ್ಬಿನಾಮ್ಲ ಬಿಡಿಸಲು ನೆರವಾಗುವ ಹೆಪಾರಿನ್ ಕೊಟ್ಟು ಕೊಬ್ಬಿನಾಮ್ಲವನ್ನು ಮೇಲೇರಿಸಿದಾಗ ಪ್ರತಿಕ್ರಿಯೆ ಮರಳಿತು. ಉಪವಾಸದ ನಂತರ ಮೊದಲ ತುತ್ತಿಗೆ ಇನ್ಸುಲಿನ್ ಸರಿಯಾಗಿ ಹೊರಡಬೇಕಾದರೆ ಕೊಬ್ಬಿನಾಮ್ಲ ರಕ್ತದಲ್ಲಿ ಇರಲೇಬೇಕು ಎಂದಾಯಿತು. 1998ರಲ್ಲಿ ಮಾನವರಲ್ಲೂ ಇದೇ ಬಗೆಯ ಪ್ರಯೋಗ ನಡೆದು, ಇದೇ ದಿಕ್ಕಿನ ಫಲಿತಾಂಶ ಬಂದಿತು.

ಯಾವ ಕೊಬ್ಬಿನಾಮ್ಲ ಎಂಬ ತಮ್ಮ ಪ್ರಶ್ನೆಗೂ ಅದೇ ತಂಡ 1997ರಲ್ಲಿ ಉತ್ತರ ಕೊಟ್ಟಿದೆ. ಇಲಿಯ ಮೇದೋಜೀರಕ ಗ್ರಂಥಿಯ ಮೂಲಕ ದ್ರಾವಣ ಹರಿಸಿ ಅಳೆದಾಗ, ಎಂಟು ಇಂಗಾಲದ ಆಕ್ಟನೊಯಿಕ್ ಆಮ್ಲದ ಬಲ ಎಲ್ಲಕ್ಕಿಂತ ಕಡಿಮೆಯಿತ್ತು; ಅದರ ನಂತರ ಲಿನೊಲಿಯಿಕ್, ಓಲಿಯಿಕ್, ಪಾಮಿಟಿಕ್, ಕೊನೆಗೆ ಸ್ಟಿಯರಿಕ್ ಎಂಬ ಏರಿಕೆಯ ಕ್ರಮ ಕಂಡಿತು. ಸರಪಳಿ ಉದ್ದವಾದಷ್ಟೂ, ದ್ವಿಬಂಧಗಳು ಕಡಿಮೆಯಾದಷ್ಟೂ ತಕ್ಷಣದ ಪ್ರಚೋದನೆ ಹೆಚ್ಚು. ದೀರ್ಘಕಾಲದಲ್ಲಿ ಹೆಚ್ಚು ಹಾನಿ ಮಾಡುವವು ಎಂದು ಹೆಸರಾದ ಸಂತೃಪ್ತ ಕೊಬ್ಬಿನಾಮ್ಲಗಳೇ ತಕ್ಷಣಕ್ಕೆ ಅತಿ ಹೆಚ್ಚು ಇನ್ಸುಲಿನ್ ಹೊರಡಿಸುತ್ತವೆ ಎಂಬುದನ್ನು ಗಮನಿಸಿ.

ಉತ್ತರ: ಮಂಗಳೂರು_ವೈದ್ಯ

ಮೇಲಿನ ವಿವರಣೆ ಸಮರ್ಪಕವಾಗಿದೆ. ರೋಗಿಗಳನ್ನು ನೋಡುವವನಾಗಿ ದೀರ್ಘಕಾಲದ ಪರಿಣಾಮದ ಬಗ್ಗೆ, ವಿಶೇಷವಾಗಿ ಮಾನವರ ಬಗ್ಗೆ, ಕೆಲವು ಮಾತು ಸೇರಿಸುತ್ತೇನೆ.

ಇಲಿಯ ಕಿರುದ್ವೀಪಗಳನ್ನು 48 ಗಂಟೆ ಕೊಬ್ಬಿನಾಮ್ಲದಲ್ಲಿ ಇರಿಸಿದರೆ ಗ್ಲೂಕೋಸ್‌ಗೆ ಅವುಗಳ ಪ್ರತಿಕ್ರಿಯೆ ಕುಗ್ಗುತ್ತದೆ ಎಂಬುದು 1994ರಲ್ಲೇ ಪ್ರಕಟವಾಗಿದೆ. ಅದೇ ಸುಮಾರಿಗೆ ರೋಜರ್ ಉಂಗರ್ ಅವರು ಸ್ಥೂಲಕಾಯದ ಮಧುಮೇಹಿ ಇಲಿಗಳ ಅಧ್ಯಯನದಿಂದ, ಕಿರುದ್ವೀಪಗಳಲ್ಲಿ ಕೊಬ್ಬು ತುಂಬಿಕೊಳ್ಳುವುದೇ ಬೀಟಾ ಕೋಶದ ಸೋಲಿಗೆ ಕಾರಣ ಎಂಬ ವಾದವನ್ನು ಮುಂದಿಟ್ಟರು. ಪಠ್ಯಪುಸ್ತಕದ ಪದ ಬಂದಿರುವುದು ಈ ವಾದದಿಂದ.

ಮಾನವರಲ್ಲಿ ಚಿತ್ರ ಇಷ್ಟು ಸರಳವಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಧುಮೇಹವಿಲ್ಲದ ಎರಡು ಗುಂಪುಗಳಿಗೆ ನಾಲ್ಕು ದಿನ ಲಿಪಿಡ್ ದ್ರಾವಣವನ್ನು ರಕ್ತನಾಳದ ಮೂಲಕ ಕೊಟ್ಟರು. ಮನೆತನದಲ್ಲಿ ಎರಡನೆಯ ಬಗೆಯ ಮಧುಮೇಹ ಇಲ್ಲದವರಲ್ಲಿ ಇನ್ಸುಲಿನ್ ಸ್ರವಿಕೆ ಹೆಚ್ಚಾಯಿತು. ಇನ್ಸುಲಿನ್ ಪ್ರತಿರೋಧಕ್ಕೆ (ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದಕ್ಕೆ) ತಕ್ಕಂತೆ ಬೀಟಾ ಕೋಶಗಳು ಹೆಚ್ಚು ದುಡಿದವು. ತಂದೆತಾಯಿಗಳಿಂದ ಮಧುಮೇಹದ ಒಲವು ಪಡೆದವರಲ್ಲಿ ಮಾತ್ರ ಸ್ರವಿಕೆ ಕುಗ್ಗಿತು. ಒಂದೇ ದ್ರಾವಣ, ಒಂದೇ ಅವಧಿ, ಆದರೆ ಫಲಿತಾಂಶಗಳು ವಿರುದ್ಧ ದಿಕ್ಕಿನವು. ಆದ್ದರಿಂದ ಮೇಲಿನ ಸ್ನೇಹಿತರು ಹೇಳಿದ ಮೂರು ವಿವರಗಳಿಗೆ ನಾಲ್ಕನೆಯದಾಗಿ ‘ಯಾರ ಬೀಟಾ ಕೋಶ’ ಎಂಬುದನ್ನೂ ಸೇರಿಸಬೇಕು. ಅಮ್ಮನಿಗೂ ಮಾವನಿಗೂ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಕೊಳ್ಳುವ ಯುವಕರು ನಮ್ಮ ಹೊರರೋಗಿ ವಿಭಾಗಕ್ಕೆ ದಿನವೂ ಬರುವುದರಿಂದ, ಈ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಪುಣೆಯ ಚಿತ್ತರಂಜನ ಯಾಜ್ಞಿಕ್ ಅವರು ಬಹುಕಾಲದಿಂದ ತೋರಿಸುತ್ತ ಬಂದಿರುವಂತೆ, ತೂಕದ ಲೆಕ್ಕದಲ್ಲಿ ತೆಳ್ಳಗಿದ್ದರೂ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದು ಭಾರತೀಯರಲ್ಲಿ ಸಾಮಾನ್ಯ. ‘ನಾನು ದಪ್ಪಗಿಲ್ಲವಲ್ಲ’ ಎಂಬ ಸಮಾಧಾನವನ್ನು ಹಾಗಾಗಿ ನಂಬುವಂತಿಲ್ಲ.

ಇನ್ನು ಔಷಧದ ವಿಚಾರ. ಗ್ಲಿಮಿಪಿರೈಡ್‌ನಂಥ ಸಲ್ಫೊನಿಲ್‌ಯೂರಿಯಾ ಮಾತ್ರೆಗಳು ಪೊಟ್ಯಾಸಿಯಂ ಚಾನಲನ್ನು ನೇರವಾಗಿ ಮುಚ್ಚಿಸುತ್ತವೆ. ಗ್ಲೂಕೋಸ್ ಕಡಿಮೆಯಿದ್ದಾಗಲೂ ಅವು ಇನ್ಸುಲಿನ್ ಹೊರಡಿಸುವುದರಿಂದ, ಊಟ ತಪ್ಪಿಸಿದ ರೋಗಿಗೆ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ ಶುರುವಾಗುತ್ತದೆ. ಜಿಪಿಆರ್40 ಪ್ರಚೋದಕದ ಆಕರ್ಷಣೆ ಇದ್ದದ್ದು ಇಲ್ಲಿ: ಅದು ವರ್ಧಕ ಮಾತ್ರವಾದ್ದರಿಂದ ಗ್ಲೂಕೋಸ್ ಏರಿದಾಗಷ್ಟೇ ಕೆಲಸ ಮಾಡುತ್ತದೆ. ಟಕೇಡಾ ಸಂಸ್ಥೆ ತಯಾರಿಸಿದ ಫಾಸಿಗ್ಲಿಫಾಮ್ ಎಂಬ ಔಷಧ ಎರಡನೆಯ ಹಂತದ ಪ್ರಯೋಗದಲ್ಲಿ ಗ್ಲಿಮಿಪಿರೈಡ್‌ಗೆ ಸರಿಸಮನಾಗಿ ಸಕ್ಕರೆ ಇಳಿಸಿತು, ಸಕ್ಕರೆ ವಿಪರೀತ ಇಳಿಯುವ ತೊಂದರೆ ಬಹಳ ಕಡಿಮೆಯಿತ್ತು. ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಆದರೆ ಮೂರನೆಯ ಹಂತದಲ್ಲಿ ಯಕೃತ್ತಿನ ಸುರಕ್ಷತೆಯ ಬಗ್ಗೆ ಆತಂಕ ಮೂಡಿ, 2013ರ ಡಿಸೆಂಬರಿನಲ್ಲಿ ಸಂಸ್ಥೆಯೇ ಅದನ್ನು ಕೈಬಿಟ್ಟಿತು. ಆ ಔಷಧದ ಅಣು ಪಿತ್ತಾಮ್ಲಗಳ ಸಾಗಣೆಗೆ ಅಡ್ಡಿಪಡಿಸಿದ್ದು ಯಕೃತ್ತಿನ ತೊಂದರೆಗೆ ಮುಖ್ಯ ಕಾರಣವಾಗಿರಬಹುದು ಎಂಬ ವಿವರಣೆಯಿದೆ. ಆದ್ದರಿಂದ ಇದನ್ನು ಗ್ರಾಹಕದ ಸೋಲು ಎನ್ನುವುದಕ್ಕಿಂತ ಆ ಒಂದು ಅಣುವಿನ ಸೋಲು ಎನ್ನುವುದು ನ್ಯಾಯ.

ಹಾನಿಕಾರಕ ವಸ್ತುವಿನ ಗ್ರಾಹಕದಿಂದ ಮದ್ದು ಹೇಗೆ ಎಂಬ ತಮ್ಮ ಸಂಶಯಕ್ಕೂ ಇಲ್ಲಿ ಉತ್ತರವಿದೆ. ಜಿಪಿಆರ್40 ಇಲ್ಲದ ಇಲಿಗಳ ಕಿರುದ್ವೀಪಗಳು ಕೊಬ್ಬಿನಾಮ್ಲದ ದೀರ್ಘಕಾಲದ ಹಾನಿಯಿಂದ ತಪ್ಪಿಸಿಕೊಳ್ಳಲಿಲ್ಲ. ಪ್ರಚೋದನೆಯ ಒಂದು ಪಾಲು ಗ್ರಾಹಕದ ಮೂಲಕ, ಹಾನಿಯ ಬಹುಪಾಲು ಕೋಶದೊಳಗಿನ ಚಯಾಪಚಯದ ಮೂಲಕ ನಡೆಯುವುದಾದರೆ, ಮೊದಲನೆಯದನ್ನು ಮಾತ್ರ ಬಳಸಿಕೊಳ್ಳುವ ಆಲೋಚನೆಯಲ್ಲಿ ವಿರೋಧಾಭಾಸವೇನೂ ಇಲ್ಲ.

ಮರುಪ್ರಶ್ನೆ: ಜೀವರಸ_ಧಾರವಾಡ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ವಿಚಾರ ಕೇಳಬೇಕಿದೆ. ನಮ್ಮ ಮಾರ್ಗದರ್ಶಕರು ಮುಂದಿನ ಪ್ರಾಜೆಕ್ಟಿನಲ್ಲಿ ಇಲಿಯ ಬೀಟಾ ಕೋಶಗಳಿಂದ ಬಂದ ಕೋಶಸರಣಿಯೊಂದರ ಮೇಲೆ ಪಾಮಿಟಿಕ್ ಮತ್ತು ಓಲಿಯಿಕ್ ಆಮ್ಲಗಳನ್ನು ಹೋಲಿಸಿ ನೋಡಲು ಸೂಚಿಸಿದ್ದಾರೆ. ಪ್ರಬಂಧಗಳಲ್ಲಿ ಎಲ್ಲರೂ ‘0.5 ಮಿಲಿಮೋಲ್ ಪಾಮಿಟೇಟ್’ ಎಂದೇ ಬರೆದಿದ್ದರೂ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇದಕ್ಕೆ ಕಾರಣವೇನು? ಎರಡನೆಯದಾಗಿ, ನಮ್ಮ ಮನೆಗಳಲ್ಲಿ ಬಳಸುವ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ, ಕರಾವಳಿಯವರ ತೆಂಗಿನೆಣ್ಣೆ ಇವುಗಳಿಗೂ ಈ ಚರ್ಚೆಗೂ ನೇರ ಸಂಬಂಧ ಕಲ್ಪಿಸಬಹುದೇ? ಸೆಮಿನಾರಿನಲ್ಲಿ ಯಾರಾದರೂ ಈ ಪ್ರಶ್ನೆ ಎತ್ತುವುದು ಖಂಡಿತ.

ಉತ್ತರ: ಪಿಪೆಟ್ಟು_ಹಿಡಿದವನು

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಕ್ಷೇತ್ರದ ಅರ್ಧ ಜಗಳಗಳು ಹುಟ್ಟಿರುವುದು ಅಲ್ಲಿಯೇ.

ಕೊಬ್ಬಿನಾಮ್ಲ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ರಕ್ತದಲ್ಲಿ ಅದು ಅಲ್ಲಿನ ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿಕೊಂಡೇ ಸಂಚರಿಸುತ್ತದೆ, ಮತ್ತು ಕೋಶಕ್ಕೆ ತಟ್ಟುವುದು ಆಲ್ಬುಮಿನ್‌ನಿಂದ ಬಿಡಿಸಿಕೊಂಡ ಅತ್ಯಲ್ಪ ಭಾಗ ಮಾತ್ರ. ಆ ಭಾಗದ ಅಳತೆ ಮಿಲಿಮೋಲ್‌ಗಳಲ್ಲಲ್ಲ, ನ್ಯಾನೊಮೋಲ್‌ಗಳಲ್ಲಿ. ಆದ್ದರಿಂದ ‘0.5 ಮಿಲಿಮೋಲ್’ ಎಂಬ ಒಟ್ಟು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಆಲ್ಬುಮಿನ್ ಎಷ್ಟಿತ್ತು ಎಂಬುದನ್ನು ನೋಡಬೇಕು. ಮನುಷ್ಯನ ರಕ್ತದಲ್ಲಿ ಆಲ್ಬುಮಿನ್ ಲೀಟರಿಗೆ ಸುಮಾರು 40 ಗ್ರಾಂ, ಅಂದರೆ ಸುಮಾರು 0.6 ಮಿಲಿಮೋಲ್ ಇರುತ್ತದೆ. ಕೊಬ್ಬಿನಾಮ್ಲ 0.5 ಮಿಲಿಮೋಲ್ ಇದ್ದರೆ ಒಂದು ಆಲ್ಬುಮಿನ್ ಅಣುವಿಗೆ ಒಂದು ಕೊಬ್ಬಿನಾಮ್ಲವೂ ಪೂರ್ತಿ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಶೇ. 1ರ ಆಲ್ಬುಮಿನ್ ಬಳಸಿದರೆ ಅದು ಸುಮಾರು 0.15 ಮಿಲಿಮೋಲ್; ಅನುಪಾತ ಮೂರಕ್ಕಿಂತ ಮೇಲೇರುತ್ತದೆ. ಶೇ. 0.5 ಬಳಸಿದವರಲ್ಲಿ ಅದು ಆರನ್ನೂ ದಾಟುತ್ತದೆ. ಆಲ್ಬುಮಿನ್‌ನ ಬಿಗಿಯಾದ ಅಂಟುತಾಣಗಳು ಎರಡು-ಮೂರೇ ಇರುವುದರಿಂದ, ಅನುಪಾತ ಅದನ್ನು ಮೀರಿದಂತೆ ಮುಕ್ತ ಭಾಗ ಒಮ್ಮೆಲೇ ಜಿಗಿಯುತ್ತದೆ. ಇಬ್ಬರು ‘0.5 ಮಿಲಿಮೋಲ್’ ಎಂದು ಬರೆದಿದ್ದರೂ ಒಬ್ಬರ ಕೋಶಗಳು ಕಂಡದ್ದು ಉಪವಾಸದ ರಕ್ತವನ್ನು, ಇನ್ನೊಬ್ಬರ ಕೋಶಗಳು ಕಂಡದ್ದು ಯಾವ ಜೀವಿಯ ದೇಹದಲ್ಲೂ ಇರದ ಸ್ಥಿತಿಯನ್ನು. ಪ್ರಬಂಧದಲ್ಲಿ ಈ ಅನುಪಾತವನ್ನು ಬರೆಯದವರ ಫಲಿತಾಂಶವನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ ಎಂಬುದು ನನ್ನ ನಿಷ್ಠುರವಾದ ಸಲಹೆ.

ತಯಾರಿಕೆಯಲ್ಲೂ ಜಾಗರೂಕತೆ ಬೇಕು. ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ ಎಂದೇ ಕೇಳಿ ತರಿಸಿ. ಸಾಮಾನ್ಯ ಆಲ್ಬುಮಿನ್ ತನ್ನದೇ ಕೊಬ್ಬಿನಾಮ್ಲಗಳನ್ನು ಹೊತ್ತು ಬಂದಿರುತ್ತದೆ. ಪಾಮಿಟಿಕ್ ಆಮ್ಲದ ಕರಗುಬಿಂದು ಸುಮಾರು 63 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಅದರ ಸೋಡಿಯಂ ಲವಣವನ್ನು ಬಿಸಿಯಾಗಿ ಕರಗಿಸಿ, ಬೆಚ್ಚಗಿನ ಆಲ್ಬುಮಿನ್ ದ್ರಾವಣಕ್ಕೆ ನಿಧಾನವಾಗಿ ಕಲಕುತ್ತ ಸೇರಿಸಬೇಕು. ದ್ರಾವಣ ಕದಡಿದಂತೆ ಕಂಡರೆ ಬಳಸಬೇಡಿ, ಬೆಳ್ಳಗಿನ ಚೂರುಗಳು ಕೋಶಗಳ ಮೇಲೆ ಕುಳಿತರೆ ಅಳೆದದ್ದೆಲ್ಲ ವ್ಯರ್ಥ. ಓಲಿಯಿಕ್ ಆಮ್ಲ ಕೋಣೆಯ ಉಷ್ಣತೆಯಲ್ಲೇ ದ್ರವವಾದ್ದರಿಂದ ಈ ತಾಪತ್ರಯ ಕಡಿಮೆ. ಆಲ್ಬುಮಿನ್ ಮಾತ್ರ ಇರುವ ನಿಯಂತ್ರಣ ತಟ್ಟೆಗಳನ್ನು ಪ್ರತಿ ಬಾರಿಯೂ ಇಡಬೇಕು.

ಮೂರನೆಯದು, ಕೋಶಗಳನ್ನು ಬೆಳೆಸುವ ಮಾಧ್ಯಮದ ಗ್ಲೂಕೋಸ್. ಐಎನ್ಎಸ್-1 ಎಂಬ ಬೀಟಾ ಕೋಶಸರಣಿಯನ್ನು ಬೆಳೆಸುವ ಮಾಧ್ಯಮದಲ್ಲಿ ಗ್ಲೂಕೋಸ್ ಸುಮಾರು 11 ಮಿಲಿಮೋಲ್, ಅಂದರೆ ವೈದ್ಯರ ಭಾಷೆಯಲ್ಲಿ ಡೆಸಿಲೀಟರಿಗೆ 200 ಮಿಲಿಗ್ರಾಂ ಇರುತ್ತದೆ. ಮಿನ್6 ಎಂಬ ಇನ್ನೊಂದು ಬೀಟಾ ಕೋಶಸರಣಿಯ ಮಾಧ್ಯಮದಲ್ಲಿ ಅದು 25 ಮಿಲಿಮೋಲ್, ಅಂದರೆ 450 ಮಿಲಿಗ್ರಾಂ. ಇಂಥ ಕಡೆ ಸೇರಿಸಿದ ಪಾಮಿಟೇಟ್‌ನಿಂದಾದ ಹಾನಿಯನ್ನು ಕೊಬ್ಬಿನ ಹಾನಿ ಎಂದು ಮಾತ್ರ ಕರೆಯುವುದು ತಪ್ಪು. ಗ್ಲೂಕೋಸ್ ಹೆಚ್ಚಿದ್ದಾಗ ಮ್ಯಾಲೊನಿಲ್ ಕೋಎ ಸಿಪಿಟಿ1 ಅನ್ನು ತಡೆಯುತ್ತದೆ ಎಂದು ‘ಕಿರುದ್ವೀಪ’ ಅವರು ಹೇಳಿದ್ದನ್ನು ನೆನಪಿಡಿ. ಕೊಬ್ಬಿನಾಮ್ಲಕ್ಕೆ ಉರಿಯುವ ದಾರಿ ಮುಚ್ಚಿದೆ, ಒಳಬರುವುದು ಮಾತ್ರ ನಿಂತಿಲ್ಲ. ಒಂದೆರಡು ಗಂಟೆಗೆ ಅದರಿಂದ ಇನ್ಸುಲಿನ್ ಸ್ರವಿಕೆ ಹೆಚ್ಚುತ್ತದೆ. ಅದೇ ಸ್ಥಿತಿ ಎರಡು ದಿನ ಮುಂದುವರಿದರೆ ಕೋಶದಲ್ಲಿ ಬೇಡದ ಲಿಪಿಡ್‌ಗಳು ಶೇಖರವಾಗುತ್ತವೆ. ಎರಡೂ ಪರಿಣಾಮಗಳ ಬೇರು ಬಹುಮಟ್ಟಿಗೆ ಒಂದೇ ಎಂಬುದು ಹೀಗೆ. ಗ್ಲೂಕೋಸ್ ಸಾಮಾನ್ಯ ಮಟ್ಟದಲ್ಲಿದ್ದರೆ ಕೋಶವು ಅದೇ ಕೊಬ್ಬಿನಾಮ್ಲವನ್ನು ಉರಿಸಿ ಬಹುಮಟ್ಟಿಗೆ ನಿಭಾಯಿಸಿಕೊಳ್ಳುತ್ತದೆ.

ಪಾಮಿಟಿಕ್ ಮತ್ತು ಓಲಿಯಿಕ್ ಹೋಲಿಕೆ ಒಳ್ಳೆಯ ಆಯ್ಕೆ. ಪಾಮಿಟಿಕ್ ಆಮ್ಲವು ಸೆರಿನ್ ಎಂಬ ಅಮೈನೊ ಆಮ್ಲದ ಜೊತೆ ಸೇರಿ ಸೆರಮೈಡ್ ಎಂಬ ಬಗೆಯ ಲಿಪಿಡ್ ತಯಾರಿಕೆಗೆ ಕಚ್ಚಾವಸ್ತುವಾಗುತ್ತದೆ. ಓಲಿಯಿಕ್ ಆಮ್ಲ ಹಾಗಾಗದೆ ಟ್ರೈಗ್ಲಿಸರೈಡ್ ಹನಿಗಳಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ. ಸೆರಮೈಡ್‌ಗಳು ಇನ್ಸುಲಿನ್ ಜೀನಿನ ಅಭಿವ್ಯಕ್ತಿಯನ್ನು ಕುಗ್ಗಿಸುತ್ತವೆ. ಸಂತೃಪ್ತ ಕೊಬ್ಬಿನಾಮ್ಲಗಳ ಹೊರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಪ್ರೋಟೀನ್ ಮಡಿಕೆಯ ಒತ್ತಡವನ್ನೂ ಉಂಟುಮಾಡಿ, ಕೊನೆಗೆ ಕೋಶದ ಸಾವಿಗೆ ದಾರಿ ಮಾಡುತ್ತದೆ. ಪಾಮಿಟಿಕ್ ಆಮ್ಲದ ಜೊತೆಗೇ ಓಲಿಯಿಕ್ ಆಮ್ಲವನ್ನು ಸೇರಿಸಿದರೆ ಈ ಸಾವು ಗಣನೀಯವಾಗಿ ತಗ್ಗುವುದನ್ನು ಮಾನವ ಕಿರುದ್ವೀಪಗಳಲ್ಲೂ ತೋರಿಸಿದ್ದಾರೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಕೊಟ್ಟ ತಟ್ಟೆಯೊಂದನ್ನು ತಪ್ಪದೆ ಇಡಿ. ದೇಹದಲ್ಲಿ ಪಾಮಿಟಿಕ್ ಆಮ್ಲ ಒಂಟಿಯಾಗಿ ಸಂಚರಿಸುವುದಿಲ್ಲ. ಓಲಿಯಿಕ್, ಪಾಮಿಟಿಕ್, ಲಿನೊಲಿಯಿಕ್ ಈ ಮೂರೂ ಸೇರಿಯೇ ರಕ್ತದ ಮುಕ್ತ ಕೊಬ್ಬಿನಾಮ್ಲದ ಬಹುಪಾಲಾಗುತ್ತವೆ.

ಉತ್ತರ: ಮಂಗಳೂರು_ವೈದ್ಯ

ಎಣ್ಣೆಯ ಪ್ರಶ್ನೆಗೆ ಸಂಕ್ಷಿಪ್ತವಾಗಿ: ನೇರ ಸಂಬಂಧ ಕಲ್ಪಿಸಬೇಡಿ. ಉಪವಾಸದ ಸ್ಥಿತಿಯಲ್ಲಿ ಬೀಟಾ ಕೋಶ ಕಾಣುವ ಕೊಬ್ಬಿನಾಮ್ಲ ನಿನ್ನೆಯ ಒಗ್ಗರಣೆಯಿಂದ ಬಂದದ್ದಲ್ಲ, ಮೇದಸ್ಸಿನ ಅಂಗಾಂಶದ ಸಂಗ್ರಹದಿಂದ ಹೊರಬಂದದ್ದು. ಆ ಸಂಗ್ರಹದ ಸ್ವರೂಪವನ್ನು ಆಹಾರ ಬಹಳ ನಿಧಾನವಾಗಿ ಬದಲಿಸುತ್ತದೆ. ಕುಸುಬೆಯಲ್ಲಿ ಸಾಮಾನ್ಯವಾಗಿ ಲಿನೊಲಿಯಿಕ್, ಶೇಂಗಾದಲ್ಲಿ ಓಲಿಯಿಕ್, ತಾಳೆ ಎಣ್ಣೆಯಲ್ಲಿ ಪಾಮಿಟಿಕ್, ತೆಂಗಿನಲ್ಲಿ ಹನ್ನೆರಡು ಇಂಗಾಲದ ಲಾರಿಕ್ ಆಮ್ಲ ಪ್ರಧಾನ ಎಂಬುದು ಸರಿ. ಆದರೆ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಕಂಡ ಬಲಾಬಲದ ಕ್ರಮವನ್ನು ಬಾಣಲೆಗೆ ಅನ್ವಯಿಸಿ ‘ಈ ಎಣ್ಣೆ ಇನ್ಸುಲಿನ್ ಹೆಚ್ಚಿಸುತ್ತದೆ’ ಎಂದು ಹೇಳಿದರೆ ಅದು ವಾಟ್ಸ್ಆಪ್ ವಿಜ್ಞಾನವಾಗುತ್ತದೆ. ಊಟದ ಕೊಬ್ಬು ಕರುಳಿನ ಕೋಶಗಳಿಂದ ಜಿಎಲ್‌ಪಿ-1, ಜಿಐಪಿ ಎಂಬ ಹಾರ್ಮೋನುಗಳನ್ನು ಹೊರಡಿಸಿ ಬೀಟಾ ಕೋಶವನ್ನು ಪರೋಕ್ಷವಾಗಿಯೂ ಪ್ರಭಾವಿಸುತ್ತದೆ. ಆ ಕೋಶಗಳಲ್ಲೂ ಜಿಪಿಆರ್40 ಇದೆ. ಅದು ಪ್ರತ್ಯೇಕ ಸೆಮಿನಾರಿನ ವಿಷಯ.

ಉತ್ತರ: ಸಂದೇಹಿ

ಚರ್ಚೆ ಚೆನ್ನಾಗಿದೆ, ಆದರೆ ಒಂದೆರಡು ಆಕ್ಷೇಪಗಳನ್ನು ದಾಖಲಿಸಬೇಕು.

ವೈದ್ಯರು ಉಲ್ಲೇಖಿಸಿದ ಮಾನವರ ಅಧ್ಯಯನಗಳಲ್ಲಿ ಬಳಸುವ ಲಿಪಿಡ್ ದ್ರಾವಣವನ್ನು ಸಾಮಾನ್ಯವಾಗಿ ಸೋಯಾ ಎಣ್ಣೆಯಿಂದ ತಯಾರಿಸುತ್ತಾರೆ. ಅದರಲ್ಲಿ ಲಿನೊಲಿಯಿಕ್ ಆಮ್ಲವೇ ಅರ್ಧಕ್ಕಿಂತ ಹೆಚ್ಚು. ಪ್ರಯೋಗಾಲಯದ ತಟ್ಟೆಗಳಲ್ಲಿ ಪಾಮಿಟಿಕ್ ಆಮ್ಲದ ಹಾನಿಯನ್ನು ತೋರಿಸಿ, ಅದಕ್ಕೆ ಮಾನವ ಸಾಕ್ಷ್ಯವೆಂದು ಲಿನೊಲಿಯಿಕ್ ಪ್ರಧಾನವಾದ ದ್ರಾವಣದ ಫಲಿತಾಂಶವನ್ನು ಪಕ್ಕದಲ್ಲಿಡುವುದು ಸರಿಯಲ್ಲ. ಎರಡೂ ಒಂದೇ ಪ್ರಶ್ನೆಯನ್ನು ಪರೀಕ್ಷಿಸುತ್ತಿಲ್ಲ.

ಎರಡನೆಯದು ಲೆಕ್ಕದ ವಿಚಾರ. ಕೊಬ್ಬಿನಾಮ್ಲದಲ್ಲಿ ದೀರ್ಘಕಾಲ ಇರಿಸಿದ ಕಿರುದ್ವೀಪಗಳಲ್ಲಿ, ಗ್ಲೂಕೋಸ್ ಕಡಿಮೆಯಿದ್ದಾಗಿನ ತಳಮಟ್ಟದ ಸ್ರವಿಕೆ ಏರುತ್ತದೆ, ಹೆಚ್ಚಿನ ಗ್ಲೂಕೋಸ್‌ಗೆ ಬರುವ ಪ್ರತಿಕ್ರಿಯೆ ಇಳಿಯುತ್ತದೆ. ಅನೇಕರು ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ‘ಇಷ್ಟು ಪಟ್ಟು’ ಎಂದು ಮಾತ್ರ ವರದಿ ಮಾಡುತ್ತಾರೆ. ಛೇದ ಏರಿದರೂ ಭಾಗಲಬ್ಧ ಇಳಿಯುತ್ತದೆ. ಕೋಶಗಳು ಸೊರಗಿದವು ಎಂದು ಓದುಗರು ತಿಳಿಯುತ್ತಾರೆ. ನಿಜಕ್ಕೂ ನಡೆದದ್ದು, ಸುಮ್ಮನಿರಬೇಕಾದ ಹೊತ್ತಿನಲ್ಲಿ ಕೋಶಗಳು ಹೆಚ್ಚು ಸ್ರವಿಸಿದ್ದು ಆಗಿರಬಹುದು. ಬಾರ್ಬರಾ ಕಾರ್ಕಿ ಅವರು ಅಮೆರಿಕದ ಮಧುಮೇಹ ಸಂಘದ 2011ರ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಈ ತಳಮಟ್ಟದ ಅತಿಸ್ರವಿಕೆಯೇ ರೋಗದ ಮೊದಲ ಹೆಜ್ಜೆಯಾಗಿರಬಹುದು ಎಂಬ ವಾದವನ್ನು ಮಂಡಿಸಿದರು. ಅದನ್ನು ಪೂರ್ತಿಯಾಗಿ ಒಪ್ಪಲು ನನಗೆ ಸಾಧ್ಯವಿಲ್ಲ, ಆದರೆ ‘ಲಿಪೊಟಾಕ್ಸಿಸಿಟಿ’ ಎಂಬ ಒಂದೇ ಹೆಸರಿನಡಿ ಅತಿಸ್ರವಿಕೆ, ಸ್ರವಿಕೆಯ ಇಳಿಕೆ, ಜೀನ್ ಅಭಿವ್ಯಕ್ತಿಯ ಇಳಿಕೆ, ಕೋಶದ ಸಾವು ಎಲ್ಲವನ್ನೂ ತುಂಬಿರುವುದರಿಂದ ಚರ್ಚೆ ಮಂಕಾಗಿದೆ ಎಂಬುದನ್ನು ಒಪ್ಪುತ್ತೇನೆ. ಸೆಮಿನಾರಿನಲ್ಲಿ ಈ ನಾಲ್ಕನ್ನೂ ಬೇರೆ ಬೇರೆಯಾಗಿ ತೋರಿಸುವುದು ಒಳಿತು.

ಮರುಪ್ರಶ್ನೆ: ಜೀವರಸ_ಧಾರವಾಡ

‘ಸಂದೇಹಿ’ ಅವರ ಮಾತು ಓದಿದ ಮೇಲೆ ಒಂದು ಕೊನೆಯ ಪ್ರಶ್ನೆ. 48 ಗಂಟೆ ಪಾಮಿಟೇಟ್ ಕೊಟ್ಟ ನಂತರ ಸ್ರವಿಕೆಯನ್ನು ಅಳೆಯುವಾಗ ಪಾಮಿಟೇಟ್ ಇರಬೇಕೋ, ತೊಳೆದು ತೆಗೆಯಬೇಕೋ? ತಳಮಟ್ಟದ ಏರಿಕೆಯನ್ನೂ ಪ್ರತಿಕ್ರಿಯೆಯ ಇಳಿಕೆಯನ್ನೂ ಬೇರ್ಪಡಿಸುವುದು ಹೇಗೆ?

ಉತ್ತರ: ಪಿಪೆಟ್ಟು_ಹಿಡಿದವನು

ತೊಳೆದು ತೆಗೆಯಿರಿ. ಇಲ್ಲವಾದರೆ ತಕ್ಷಣದ ವರ್ಧನೆಯೂ ದೀರ್ಘಕಾಲದ ಕುಗ್ಗುವಿಕೆಯೂ ಒಂದರ ಮೇಲೊಂದು ಬಿದ್ದು, ಯಾವುದು ಎಷ್ಟು ಎಂದು ತಿಳಿಯದಾಗುತ್ತದೆ. ತೊಳೆದ ನಂತರ ಕಡಿಮೆ ಗ್ಲೂಕೋಸ್ ಇರುವ ಕ್ರೆಬ್ಸ್ ಎಂಬ ಲವಣ ದ್ರಾವಣದಲ್ಲಿ ಕೋಶಗಳನ್ನು ಸ್ವಲ್ಪ ಹೊತ್ತು ನೆಲೆಗೊಳ್ಳಲು ಬಿಟ್ಟು, ಬಳಿಕ 2.8 ಮತ್ತು 16.7 ಮಿಲಿಮೋಲ್ ಗ್ಲೂಕೋಸ್‌ಗಳಲ್ಲಿ ಅಳೆಯಿರಿ. ಬೇರೆ ತಟ್ಟೆಗಳಲ್ಲಿ, ಪಾಮಿಟೇಟನ್ನು ಎಂದೂ ಕಾಣದ ಕೋಶಗಳಿಗೆ ಅಳತೆಯ ಹೊತ್ತಿನಲ್ಲಿ ಮಾತ್ರ ಅದನ್ನು ಕೊಟ್ಟು, ತಕ್ಷಣದ ಪರಿಣಾಮವನ್ನು ಪ್ರತ್ಯೇಕವಾಗಿ ನೋಡಿ.

‘ಸಂದೇಹಿ’ ಅವರ ಆಕ್ಷೇಪ ಸರಿಯಾಗಿದೆ, ಆದ್ದರಿಂದ ಎರಡೂ ಗ್ಲೂಕೋಸ್ ಮಟ್ಟಗಳ ಸ್ರವಿಕೆಯನ್ನು ಭಾಗಿಸದೆ ಹಾಗೆಯೇ ಬರೆಯಿರಿ. ಜೊತೆಗೆ ಕೋಶದೊಳಗೆ ಉಳಿದ ಇನ್ಸುಲಿನ್‌ನ ಒಟ್ಟು ಪ್ರಮಾಣವನ್ನೂ ಡಿಎನ್ಎ ಪ್ರಮಾಣವನ್ನೂ ಅಳೆಯಬೇಕು. ಸ್ರವಿಕೆ ಇಳಿದು ಒಳಗಿನ ದಾಸ್ತಾನೂ ಇಳಿದಿದ್ದರೆ ತಯಾರಿಕೆಯಲ್ಲಿ ತೊಂದರೆ. ದಾಸ್ತಾನು ಹಾಗೇ ಇದ್ದು ಸ್ರವಿಕೆ ಮಾತ್ರ ಇಳಿದಿದ್ದರೆ ಬಿಡುಗಡೆಯಲ್ಲಿ ತೊಂದರೆ. ಡಿಎನ್ಎಯೇ ಇಳಿದಿದ್ದರೆ ಕೋಶಗಳೇ ಸತ್ತಿವೆ. ಬಿಡುಗಡೆಯ ತೊಂದರೆ ಎಂದಾದರೆ ಹೆಚ್ಚಿನ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟು ನೋಡಿ. ಅದಕ್ಕೆ ಸ್ರವಿಕೆ ಚೆನ್ನಾಗಿ ಬಂದರೆ ಚೀಲಗಳ ಬೆಸುಗೆ ಸರಿಯಿದೆ, ಅಡ್ಡಿ ಇರುವುದು ಅದಕ್ಕೂ ಮೊದಲಿನ ಗ್ಲೂಕೋಸ್ ಚಯಾಪಚಯದಲ್ಲಿ. ಆಗ ಸಿಪಿಟಿ1 ತಡೆಯುವ ಎಟೊಮೊಕ್ಸಿರ್ ಸೇರಿಸಿದ ತಟ್ಟೆಯೊಂದನ್ನೂ ಇಡಬಹುದು. 1994ರ ಇಲಿ ಕಿರುದ್ವೀಪಗಳ ಕೆಲಸದಲ್ಲಿ ಕುಗ್ಗಿದ ಪ್ರತಿಕ್ರಿಯೆಯನ್ನು ಅದು ಒಂದು ಮಟ್ಟಿಗೆ ಮರಳಿಸಿತ್ತು. ಕೊಬ್ಬಿನ ದಹನವು ಗ್ಲೂಕೋಸ್ ದಹನವನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಫಿಲಿಪ್ ರ‍್ಯಾಂಡಲ್ 1963ರಲ್ಲಿ ಸ್ನಾಯುಗಳ ಬಗ್ಗೆ ಹೇಳಿದ್ದು ಬೀಟಾ ಕೋಶಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ತಮ್ಮ ಕೋಶಸರಣಿಯಲ್ಲಿ ಪರೀಕ್ಷಿಸಲು ಈ ಒಂದು ತಟ್ಟೆ ಸಾಕು.